ಕಲಬುರಗಿ ಕೋರ್ಟಿನ ಹತ್ತಿರದ ಕಾನೂನು ಪುಸ್ತಕದ ಅಂಗಡಿ: ವಕೀಲರಲ್ಲದವರೂ ಹೋಗಿ

ಜೇವರ್ಗಿ ತಾಲ್ಲೂಕಿನಲ್ಲಿ ನಮ್ಮ ಅಜ್ಜನಿಂದ ಬಂದ ಎಂಟು ಎಕರೆ ಎರಿ ಭೂಮಿ ಇದೆ, ತೊಗರಿ ಬೆಳೆಯುತ್ತೇವೆ. ಅಪ್ಪ 2003ರಲ್ಲಿ ತೀರಿಕೊಂಡರು. ಹೋದ ದೀಪಾವಳಿಗೆ ತವರಿಗೆ ಹೋದಾಗ ನನ್ನ ಪಾಲಿನ ಮಾತು ತೆಗೆದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಅನ್ನುವ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಬಂದದ್ದು 2005ರಲ್ಲಿ. "ಅಪ್ಪ 2005ಕ್ಕಿಂತ ಮೊದಲೇ ಹೋಗ್ಯಾನ ಯಕ್ಕಾ, ಕಾಯ್ದೆ ಪ್ರಕಾರ ನಿಂಗ ಬರಂಗಿಲ್ಲ. ನಾವು ಅಣ್ಣತಮ್ಮರು ಆವಾಗೇ ಬಾಯಿ ಮಾತಿನ ಮ್ಯಾಲ ಹಂಚ್ಕೊಂಡೀವಿ" ಅಂದ ತಮ್ಮ. ನಾನು ಕೊಂಡಿದ್ದ ಒಂದು ಕನ್ನಡ ಕೈಪಿಡಿಯಲ್ಲೂ ಅಪ್ಪನ ಬಗ್ಗೆ ಹಾಗೇ ಇತ್ತು. ಎರಡು ರಾತ್ರಿ ನಿದ್ದೆ ಬರಲಿಲ್ಲ.

ಆ ಕೈಪಿಡಿ ಹಿಡಿದುಕೊಂಡೇ ಈ ಅಂಗಡಿಗೆ ಹೋದೆ. ಒಬ್ಬರು ನಿಂತರೆ ಇನ್ನೊಬ್ಬರು ದಾಟಲಾಗದಷ್ಟು ಇಕ್ಕಟ್ಟು. ಅರವತ್ತು ದಾಟಿದ ಅಂಗಡಿ ಕಾಕಾ ಪುಸ್ತಕ ತಿರುವಿ ಮೊದಲ ಪುಟ ತೋರಿಸಿದರು. "ಅಚ್ಚಾದ ವರ್ಷ ನೋಡ್ರಿ ಅಕ್ಕೋರ, 2016. ಇದರ ಮ್ಯಾಲೆ ಭಾಳ ಆಗ್ಯಾದ."

2015ರಲ್ಲಿ ಪ್ರಕಾಶ್ ವಿರುದ್ಧ ಫೂಲವತಿ ಕೇಸಿನಲ್ಲಿ ಸುಪ್ರೀಂ ಕೋರ್ಟು, ಆ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಜೀವಂತ ಇರಬೇಕು ಅಂದಿತ್ತಂತೆ. ನನ್ನ ಕೈಪಿಡಿ ಅಲ್ಲಿಗೇ ನಿಂತಿತ್ತು. 2018ರಲ್ಲಿ ಕರ್ನಾಟಕದಿಂದಲೇ ಹೋದ ದಾನಮ್ಮನ ಕೇಸಿನಲ್ಲಿ, ತಂದೆ 2001ರಲ್ಲೇ ತೀರಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. ಎರಡು ತೀರ್ಪು ಎರಡು ದಿಕ್ಕಿಗೆ ಎಳೆದಾಗ, 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಮುಗಿಸಿತು: ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರ ಆ ದಿನ ತಂದೆ ಬದುಕಿರಬೇಕು ಅಂತಿಲ್ಲ. ಬಾಯಿ ಮಾತಿನ ಹಂಚಿಕೆಯನ್ನೂ ಸುಮ್ಮನೆ ಒಪ್ಪುವಂತಿಲ್ಲ, ಸರ್ಕಾರಿ ದಾಖಲೆಯ ಗಟ್ಟಿ ಆಧಾರ ಬೇಕು. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ ಅಥವಾ ಕೋರ್ಟ್ ಡಿಕ್ರಿಯಾದ ಪಾಲು ಹಾಗೇ ಉಳಿಯುತ್ತದೆ. ಕಾಕಾ ಉತ್ತರಾಧಿಕಾರ ಕಾಯ್ದೆಯ ಪುಸ್ತಕ ತೆಗೆದು, 6ನೇ ಕಲಮಿಗೆ ಚೀಟಿ ಇಟ್ಟು, ಸ್ಟೂಲ್ ಎಳೆದು ಕೊಟ್ಟರು. ಓದಿ ಮುಗಿಸುವವರೆಗೆ ದುಡ್ಡಿನ ಮಾತೇ ಎತ್ತಲಿಲ್ಲ. ಆಮೇಲೆ 120 ರೂಪಾಯಿ ಕೊಟ್ಟು ಕೊಂಡೆ.

ನಾನು ಓದುತ್ತಿದ್ದಾಗ ಒಬ್ಬ ಹುಡುಗ ಬಂದು ಚಾರ್ ಸೌ ಬೀಸ್ ಕಲಮು ಯಾವುದರಲ್ಲಿದೆ ಅಂತ ಕೇಳಿದ. ಹಳೇ ದಂಡ ಸಂಹಿತೆಯ ಬದಲು 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 318 ಆಗಿದೆ ಅಂದ ಕಾಕಾ, "ಮೋಸ ಯಾವಾಗ ಆಗ್ಯಾದಪ್ಪಾ?" ಅಂತ ಕೇಳಿದರು. ಅದಕ್ಕಿಂತ ಮುಂಚೆ ನಡೆದಿದ್ದರೆ ಹಳೇ ದಂಡ ಸಂಹಿತೆಯೇ ಲಾಗೂ ಆಗುತ್ತದೆ, ಹೊಸ ಪುಸ್ತಕ ಕೊಂಡು ಉಪಯೋಗವಿಲ್ಲ. ಮಾರಾಟ ತಪ್ಪಿದರೂ ಸರಿ, ಗಿರಾಕಿ ತಪ್ಪು ಪುಸ್ತಕ ಒಯ್ಯಬಾರದು ಅನ್ನುವ ಈ ಕಾಳಜಿಗಾಗಿಯೇ ಇಷ್ಟು ಬರೆಯುತ್ತಿದ್ದೇನೆ.

ಒಂದು ಕೊರತೆ ನನಗೆ ನಿಜಕ್ಕೂ ನೋವು ತಂದಿದೆ. ಕನ್ನಡ ಪುಸ್ತಕಗಳಿಗೆ ಇರುವುದು ಕಪಾಟಿನ ಒಂದೇ ಅರೆ, ಅದರಲ್ಲೂ ಹೆಚ್ಚಿನವು ಹಳೇ ಅಚ್ಚು. ನಾನು ಕೊಂಡದ್ದೂ ಇಂಗ್ಲಿಷ್ ಪುಸ್ತಕವೇ. ಡಿಗ್ರಿ ಓದುವ ಮಗಳು ಸಾಲು ಸಾಲಾಗಿ ಅರ್ಥ ಹೇಳಿದಳು. ಮಗಳಿಲ್ಲದ ಹೆಣ್ಣುಮಗಳು ಏನು ಮಾಡಬೇಕು? ಕಾಕಾ, ಹೊಸ ಕನ್ನಡ ಅಚ್ಚು ತರಿಸಿ, ಮೊದಲ ಪ್ರತಿ ನಾನೇ ಕೊಳ್ಳುತ್ತೇನೆ.

ವಕೀಲರ ಫೀಜಿನ ಚಿಂತೆ ಹೇಳಿಕೊಂಡಾಗ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಉಂಟು, ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ ಅಂದವರೂ ಅವರೇ. ಪಹಣಿ, ವಂಶಾವಳಿ ಜೋಡಿಸಿ ಮರುದಿನವೇ ಕೊಟ್ಟು ಬಂದೆ.