ಟೈರ್ ಎಣ್ಣೆ ಡೀಸೆಲ್ ಎಂಜಿನ್ನಿಗೆ ಬೇಡ

ಪಂಪಿನ ಡೀಸೆಲಿಗಿಂತ ಬಹಳ ಅಗ್ಗವೆಂದು, ‘ಇಂಡಸ್ಟ್ರಿಯಲ್ ಡೀಸೆಲ್’ ಎಂಬ ಹೆಸರಿನಲ್ಲಿ ಸಿಂಧನೂರು ಕಡೆಯ ನಮ್ಮ ಅಕ್ಕಿ ಗಿರಣಿಗೆ ಬಂದ ಬ್ಯಾರಲ್‌ಗಳಲ್ಲಿ ಇದ್ದದ್ದು ಹಳೆಯ ಟೈರುಗಳನ್ನು ಗಾಳಿಯಿಲ್ಲದೆ ಕಾಯಿಸಿ ತೆಗೆದ ಪೈರೋಲಿಸಿಸ್ ಎಣ್ಣೆ. ಜನರೇಟರಿನ ಇಂಧನ ಪಂಪು ಕೆಟ್ಟು, ಮಿಕ್ಕಿದ್ದನ್ನು ಪ್ರಯೋಗಾಲಯಕ್ಕೆ ಕಳುಹಿಸಿದ ಮೇಲಷ್ಟೇ ಇದು ತಿಳಿಯಿತು. ಮಾರಿದವರ ಬಿಲ್ಲಿನಲ್ಲಿ ಟೈರಿನ ಸುಳಿವೇ ಇರಲಿಲ್ಲ.

ಮೊದಮೊದಲು ಎಂಜಿನ್ ಸಲೀಸಾಗಿ ಸ್ಟಾರ್ಟ್ ಆಗಿ ಲೋಡನ್ನೂ ಎಳೆಯಿತು. ಹೀಗೆ ಓಡುವುದನ್ನು ನೋಡಿಯೇ ಜನ ನಂಬುತ್ತಾರೆ. ಆಮೇಲೆ ಬೆಳಗಿನ ಹೊತ್ತು ಎಂಜಿನ್ನಿನಲ್ಲಿ ಬಡಿತ, ಕಪ್ಪು ಹೊಗೆ, ಸುಟ್ಟ ರಬ್ಬರಿನ ಘಾಟು ಶುರುವಾದವು. ಮೆಕ್ಯಾನಿಕ್ ಬಿಚ್ಚಿ ತೋರಿಸಿದ ಫಿಲ್ಟರಿನ ಮಡಿಕೆಗಳಲ್ಲಿ ಬೆರಳಿಗೆ ಅಂಟುವ ಕಪ್ಪು ಗೋಂದು ತುಂಬಿತ್ತು, ಇಂಧನ ಸಿಂಪಡಿಸುವ ನಾಜಲ್ ರಂಧ್ರಗಳ ಸುತ್ತ ಇಂಗಾಲ ಕಲ್ಲಿನಂತೆ ಕೂತಿತ್ತು, ಪಂಪಿನೊಳಗೆ ಇಂಧನವನ್ನು ಒತ್ತುವ ಪ್ಲಂಜರ್ ಮೇಲೆ ಉದ್ದುದ್ದ ಗೀರುಗಳಿದ್ದವು.

ಟೈರಿನ ರಬ್ಬರನ್ನು ಗಟ್ಟಿಗೊಳಿಸಲು ಗಂಧಕ ಬೆರೆಸಿರುತ್ತಾರೆ. ಗಾಳಿಯಾಡದ ರಿಯಾಕ್ಟರಿನಲ್ಲಿ ಆ ರಬ್ಬರನ್ನು 400ರಿಂದ 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಆ ಗಂಧಕದ ಒಂದು ಪಾಲು ಎಣ್ಣೆಯೊಳಗೇ ಇಳಿಯುತ್ತದೆ. 2020ರ ಏಪ್ರಿಲ್‌ನಿಂದ ದೇಶದೆಲ್ಲೆಡೆ ಮಾರಾಟವಾಗುತ್ತಿರುವ ಬಿಎಸ್-6 (ಹೊಗೆ ಮಾಲಿನ್ಯ ತಡೆಯುವ ಭಾರತ್ ಸ್ಟೇಜ್ ಮಾನದಂಡ) ಡೀಸೆಲಿನಲ್ಲಿ ಗಂಧಕ 10 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 10 ಭಾಗ, ದಾಟುವಂತಿಲ್ಲ. ಟೈರ್ ಎಣ್ಣೆಯಲ್ಲಿ ಅದು ಸಾಮಾನ್ಯವಾಗಿ ಶೇಕಡಾ 1ರ ಆಸುಪಾಸಿನಲ್ಲಿ, ಅಂದರೆ 10,000 ಪಿಪಿಎಂನಷ್ಟು ಇರುತ್ತದೆ. ಉರಿದಾಗ ಈ ಗಂಧಕ ತೇವದೊಡನೆ ಸೇರಿ ಆಮ್ಲವಾಗುತ್ತದೆ, ಎಂಜಿನ್ ಆಯಿಲ್‌ನ ಕ್ಷಾರಗುಣವನ್ನು ಬೇಗನೆ ಮುಗಿಸಿ ಸಿಲಿಂಡರಿನ ಲೈನರ್ ಮತ್ತು ಪಿಸ್ಟನ್ ರಿಂಗುಗಳನ್ನು ತಿನ್ನತೊಡಗುತ್ತದೆ. ಹೊಗೆ ಶುದ್ಧಿಗೊಳಿಸುವ ವೇಗವರ್ಧಕಗಳಿರುವ, ಅತಿ ಒತ್ತಡದಲ್ಲಿ ಇಂಧನ ಸಿಂಪಡಿಸುವ ಕಾಮನ್ ರೇಲ್ ಇಂಜೆಕ್ಟರಿನ ಹೊಸ ವಾಹನಗಳಿಗಂತೂ ಇದು ನೇರ ವಿಷ.

‘ನಮ್ಮದು ಬಟ್ಟಿ ಇಳಿಸಿದ ಮಾಲು’ ಎಂದು ತಿಳಿಯಾದ ಎಣ್ಣೆಯನ್ನು ಬಾಟಲಿಯಲ್ಲಿ ತೋರಿಸುವವರಿದ್ದಾರೆ. ಬಟ್ಟಿ ಇಳಿಸಿದರೆ ಬಣ್ಣ ತಿಳಿಯಾಗುತ್ತದೆ, ಮಸಿ ಕಡಿಮೆಯಾಗುತ್ತದೆ. ಗಂಧಕ ಮಾತ್ರ ಬಹುಪಾಲು ಹಾಗೆಯೇ ಉಳಿಯುತ್ತದೆ. ಅದನ್ನು ಡೀಸೆಲಿನ ಮಟ್ಟಕ್ಕೆ ಇಳಿಸಲು ತೈಲ ಸಂಸ್ಕರಣಾಗಾರಗಳಲ್ಲಿ ಹೈಡ್ರೋಜನ್ ಬಳಸಿ ಮಾಡುವಂಥ ಸಂಸ್ಕರಣೆ ಬೇಕು, ಅದು ಶೆಡ್ಡಿನಲ್ಲಿ ನಡೆಯುವ ಕೆಲಸವಲ್ಲ. ಇದಲ್ಲದೆ, ಈ ಎಣ್ಣೆಯಲ್ಲಿ ಬೇಗ ಆವಿಯಾಗುವ ಹಗುರ ಅಂಶಗಳಿರುವುದರಿಂದ, ರಾಯಚೂರಿನ ಬೇಸಿಗೆಯಲ್ಲಿ ತಗಡಿನ ಶೆಡ್ಡಿನಡಿ ಬ್ಯಾರಲ್ ಇಟ್ಟರೆ ಒಂದು ಕಿಡಿ ಸಾಕು.

ಕುಲುಮೆ, ಬಾಯ್ಲರ್‌ಗಳಲ್ಲಿ ಅನುಮತಿ ಪಡೆದು ಉರಿಸುವವರ ಲೆಕ್ಕ ಬೇರೆ. ಈಗಾಗಲೇ ಎಂಜಿನ್ನಿಗೆ ಹಾಕಿದವರು ಟ್ಯಾಂಕ್ ಖಾಲಿ ಮಾಡಿಸಿ, ಫಿಲ್ಟರಿನ ಜೊತೆಗೆ ಎಂಜಿನ್ ಆಯಿಲನ್ನೂ ಬದಲಿಸಿ. ಹೊಸದಾಗಿ ಯಾರಾದರೂ ಅಗ್ಗದ ಡೀಸೆಲ್ ತಂದರೆ ಗಂಧಕ, ಫ್ಲ್ಯಾಶ್ ಪಾಯಿಂಟ್ (ಎಣ್ಣೆಯ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣತೆ), ಸೀಟೇನ್ ಸಂಖ್ಯೆ (ಎಂಜಿನ್ನಿನಲ್ಲಿ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬ ಅಳತೆ) ನಮೂದಾಗಿರುವ ಪರೀಕ್ಷಾ ವರದಿಯನ್ನು ಕೇಳಿ; ನಾಳೆ ಕಳುಹಿಸುತ್ತೇವೆ ಎಂದರೆ ಬ್ಯಾರಲನ್ನು ಗಾಡಿಯಿಂದ ಇಳಿಸಿಕೊಳ್ಳಬೇಡಿ.