ಒಬ್ಬರಿಗಾಗುವ ಕ್ರಿಸ್‌ಮಸ್ ಪುಡ್ಡಿಂಗ್: 100 ಗ್ರಾಮಿನದು ಕೊಳ್ಳಬಹುದೇ?

ಇಂಗ್ಲೆಂಡಿನಲ್ಲಿ ಒಬ್ಬರೇ ಹಬ್ಬ ಕಳೆಯುವವರಿಗೆ ಸೂಪರ್‌ಮಾರ್ಕೆಟ್‌ನ 100 ಗ್ರಾಮಿನ ಪುಡ್ಡಿಂಗ್ ಸರಿಯಾದ ಅಳತೆ, ಧಾರಾಳವಾಗಿ ಕೊಳ್ಳಿ. ದೊಡ್ಡದು ಗ್ರಾಂ ಲೆಕ್ಕಕ್ಕೆ ಅಗ್ಗವೇನೋ ಹೌದು. ಆದರೆ ಒಣದ್ರಾಕ್ಷಿ, ಕಪ್ಪು ಸಕ್ಕರೆ, ಕೊಬ್ಬು ಇಡುಕಿರಿದ ತಿನಿಸು ಇದು. 100 ಗ್ರಾಮಿಗೇ ಸುಮಾರು 300 ಕ್ಯಾಲೊರಿ.

ಕೊಳ್ಳುವ ಮುಂಚೆ ಡಬ್ಬಿ ತಿರುಗಿಸಿ ಓದಿ. ಇದಕ್ಕೆ ಹಾಕುವ ಸ್ಯುಯೆಟ್ ಎಂದರೆ ಮೂಲತಃ ದನದ ಮೂತ್ರಪಿಂಡದ ಸುತ್ತಲಿನ ಕೊಬ್ಬು. ಈಗ ಹಲವರು ತಾಳೆ ಎಣ್ಣೆಯ ವೆಜಿಟಬಲ್ ಸ್ಯುಯೆಟ್ ಹಾಕುತ್ತಾರೆ, ಎಲ್ಲರೂ ಅಲ್ಲ. ‘ವೆಜಿಟೇರಿಯನ್’ ಎಂದಿದ್ದರೂ ಮೊಟ್ಟೆ ಇರಬಹುದು. ಅದೂ ಬೇಡವಾದರೆ ‘ವೀಗನ್’ ಗುರುತು ಹುಡುಕಿ. ಬ್ರಾಂದಿ, ರಮ್, ಸೈಡರ್ (ಸೇಬಿನ ಮದ್ಯ) ಮಾತ್ರ ವೀಗನ್ ಡಬ್ಬಿಯಲ್ಲೂ ಇರಬಹುದು.

ಕೆಡುವುದು ಬಿಸಿ ಮಾಡುವಾಗ. ಸಕ್ಕರೆ, ಕೊಬ್ಬು ಮೈಕ್ರೋವೇವ್‌ನಲ್ಲಿ ಬಲುಬೇಗ ಕಾಯುತ್ತವೆ. ಡಬ್ಬಿಯ ಮೇಲಿನ ಸಮಯಕ್ಕಿಂತ ಅರ್ಧ ನಿಮಿಷ ಹೆಚ್ಚಾದರೂ ಅಂಚು ಕಲ್ಲಾಗಿ, ನಡುವಿನ ದ್ರಾಕ್ಷಿ ಸುಟ್ಟು ಕಹಿಯಾಗುತ್ತದೆ. ಇನ್ನೂ ಬಿಟ್ಟರೆ ಹೊಗೆ, ಬೆಂಕಿ. ಮೇಲಿನ ಹಾಳೆ ಪೂರ್ತಿ ತೆಗೆದು, ಹೇಳಿದಷ್ಟೇ ಹೊತ್ತು ಇಟ್ಟು, ಒಂದು ನಿಮಿಷ ಹಾಗೇ ಬಿಡಿ. ಒಳಗೆ ಬೆಂದ ಜಾಮ್‌ನಷ್ಟು ಬಿಸಿ ಇರುತ್ತದೆ, ನಾಲಿಗೆ ಜೋಕೆ.

ಹಬೆಯೇ ಮೇಲು. ಇಡ್ಲಿ ಪಾತ್ರೆ ಇದ್ದರೆ ಸಾಕು. ಕುಕ್ಕರ್ ಆದರೆ ವೆಯ್ಟ್ ಹಾಕಬೇಡಿ. ಹಾಳೆ ಕಿತ್ತು, ಬೆಣ್ಣೆ ಕಾಗದ, ಅದರ ಮೇಲೆ ಫಾಯಿಲ್ ಬಿಗಿಯಾಗಿ ಮುಚ್ಚಿ. ನೀರು ಪುಡ್ಡಿಂಗ್ ಬಟ್ಟಲಿನ ಅರ್ಧಕ್ಕಿಂತ ಕೆಳಗೇ ಇರಲಿ, ಸಣ್ಣ ಉರಿಯಲ್ಲಿ 30ರಿಂದ 45 ನಿಮಿಷ. ಮುಚ್ಚಳದಿಂದ ತೊಟ್ಟಿಕ್ಕುವ ನೀರು ಒಳಗೆ ಇಳಿದರೆ ಮೇಲ್ಭಾಗ ಮೆತ್ತಗೆ ಹಿಟ್ಟಿನಂತಾಗುತ್ತದೆ. ಫಾಯಿಲ್ ಅದಕ್ಕೇ.

ಬ್ರಾಂದಿ ಸುರಿದು ಬೆಂಕಿ ಹಚ್ಚುವ ಆಟ ಬಾಡಿಗೆ ರೂಮಿಗೆ ತಕ್ಕದ್ದಲ್ಲ, ಹೊಗೆ ಅಲಾರಂ ಕೂಗಿಕೊಂಡೀತು. ಕಸ್ಟರ್ಡ್ ಸಾಕು. ಬರ್ಡ್ಸ್ ಹೆಸರಿನ ಕಸ್ಟರ್ಡ್ ಪುಡಿಯನ್ನು 1837ರಲ್ಲಿ ಆಲ್ಫ್ರೆಡ್ ಬರ್ಡ್ ತಯಾರಿಸಿದ್ದೇ ಮೊಟ್ಟೆ ಒಗ್ಗದ ಹೆಂಡತಿಗಾಗಿ, ಹಾಗಾಗಿ ಅದು ಮೆಕ್ಕೆಜೋಳದ ಪಿಷ್ಟದ್ದು. 150 ಮಿಲಿ ಹಾಲಿಗೆ ಒಂದೂವರೆ ಟೀ ಚಮಚ ಪುಡಿ, ಒಂದು ಚಮಚ ಸಕ್ಕರೆ. ಪುಡಿಯನ್ನು ಮೊದಲು ತಣ್ಣನೆ ಹಾಲಲ್ಲಿ ಕಲಸಿ. ಬಿಸಿ ಹಾಲಿಗೆ ನೇರ ಸುರಿದರೆ ಗಂಟು ತಪ್ಪದು.

ಪುಡ್ಡಿಂಗ್ ಡಿಸೆಂಬರ್ 23ರೊಳಗೇ ತಂದಿಟ್ಟುಕೊಳ್ಳಿ. 24ರ ಸಂಜೆ ಅಂಗಡಿಗಳು ಬೇಗ ಮುಚ್ಚುತ್ತವೆ. 25ರಂದು 280 ಚದರ ಮೀಟರ್‌ಗಿಂತ ದೊಡ್ಡ ಅಂಗಡಿ ತೆರೆಯಲು 2004ರ ಕಾಯ್ದೆ ಬಿಡುವುದಿಲ್ಲ. ಲಂಡನ್‌ನಲ್ಲಿ ಅಂದು ಟ್ಯೂಬ್ (ಮೆಟ್ರೊ ರೈಲು), ಬಸ್ಸೂ ಇರುವುದಿಲ್ಲ. ಹಬ್ಬ ಕಳೆದ ಮೇಲೆ ಉಳಿದ ಡಬ್ಬಿಗಳ ಬೆಲೆ ಇಳಿಯುತ್ತದೆ. ತಾರೀಖು ನೋಡಿ, ತಿಂಗಳುಗಟ್ಟಲೆ ಬಾಳಿಕೆ ಇದ್ದರೆ ಎರಡು ತಂದಿಡಿ.