ಬೆಣ್ಣೆಹಣ್ಣಿನ ಬೀಜ ಮೊಳೆಸುವ ಗಾಜಿನ ಕುಪ್ಪಿ: ಚೆಂದ ಹೌದು, ಮಳೆಗಾಲಕ್ಕೆ ತಾಪತ್ರಯ

ಬೆಣ್ಣೆಹಣ್ಣಿನ (ಅವಕಾಡೊ) ಬೀಜವನ್ನು ನೀರಿನಲ್ಲಿ ಮೊಳೆಸಲಿಕ್ಕೆ ಆನ್‌ಲೈನಿನಲ್ಲಿ 'ಅವಕಾಡೊ ಕಿಟ್' ಅಂತ ಸಿಗುತ್ತದಲ್ಲ, ಅದರ ಬಗ್ಗೆ ಬರೆಯುತ್ತಿದ್ದೇನೆ. ಬೆಲೆ 399 ರೂಪಾಯಿ. ಡಬ್ಬಿಯೊಳಗೆ ಎರಡು ಗಾಜಿನ ಕುಪ್ಪಿ, ಒಂದು ಪುಟ್ಟ ಬ್ರಶ್, ಒಂದು ಬಣ್ಣದ ಚೀಟಿ. ಬೀಜ ಕೊಡುವುದಿಲ್ಲ, ಹಣ್ಣು ತಿಂದು ನಾವೇ ಉಳಿಸಿಕೊಳ್ಳಬೇಕು. ನಮ್ಮದು ಶಿರಸಿ ಬದಿಯ ಅಡಿಕೆ ತೋಟದ ಮನೆ, ಗಿಡ ಏಳಿಸಲಿಕ್ಕೆ ಕಿಟ್ ತರಿಸುವವರು ನಾವಲ್ಲ. ರಜೆಗೆ ಬಂದಿದ್ದ ನಾದಿನಿಯ ಮಗಳು ಆರ್ಡರ್ ಮಾಡಿ, ಮಳೆ ಹಿಡಿಯುವ ಹೊತ್ತಿಗೆ ಬೆಂಗಳೂರಿಗೆ ಹೋದಳು. ಕುಪ್ಪಿ ನನ್ನ ಪಾಲಿಗೆ ಬಂತು.

ಗಾಜು ದಪ್ಪ ಇದೆ, ತೊಳೆಯಲಿಕ್ಕೆ ಸುಲಭ. ಬೀಜವನ್ನು ನೀರಿನ ಮೇಲೆ ನಿಲ್ಲಿಸಲಿಕ್ಕೆ ಟೂತ್‌ಪಿಕ್ ಚುಚ್ಚುವ ರಗಳೆ ಇಲ್ಲ. ಬೀಜ ಸೀಳು ಬಿಟ್ಟು, ಆ ಸೀಳಿನಿಂದ ಬಿಳಿ ತಾಯಿಬೇರು ಇಳಿದು, ಎಷ್ಟೋ ದಿನ ಸುಮ್ಮನಿದ್ದು ಆಮೇಲೆ ಮೇಲಿಂದ ಕೆಂಪು ಕುಡಿ ಏಳುವುದನ್ನು ಕಣ್ಣಾರೆ ನೋಡಬಹುದು. ಮಣ್ಣಿನಲ್ಲಿ ಹೂತರೆ ಈ ಸುಖ ಸಿಗದು. ಚೀಟಿಯಲ್ಲಿರುವ ಕ್ರಮವೂ ಸರಿಯೇ: ಅಗಲ ತಳ ನೀರಿಗೆ, ಚೂಪು ತುದಿ ಮೇಲಕ್ಕೆ. ಕಂದು ಸಿಪ್ಪೆ ಸುಲಿದರೆ ಬೇಗ ಮೊಳೆಯುತ್ತದೆ. ಬೀಜ ಒಣಗಲು ಬಿಡಬಾರದು.

ತಕರಾರು ಶುರುವಾಗುವುದು ಕುಪ್ಪಿಯ ಬಾಯಿಂದ. ಹಾಸ್ ಅನ್ನುವ ಬೆಣ್ಣೆಹಣ್ಣಿನ ತಳಿಯ ಸಣ್ಣ ಬೀಜದ ಅಳತೆಗೆ ಮಾಡಿದ್ದಿರಬೇಕು. ನಮ್ಮ ಪೇಟೆಯಲ್ಲಿ ಸಿಗುವ ಹಸಿರು ಸಿಪ್ಪೆಯ ದೊಡ್ಡ ಹಣ್ಣಿನ ಬೀಜ ಬಾಯಿಯ ಮೇಲೆಯೇ ಕೂತುಬಿಡುತ್ತದೆ. ಅಂಚಿನ ತನಕ ನೀರು ತುಂಬದಿದ್ದರೆ ತಳ ನೆನೆಯುವುದೇ ಇಲ್ಲ. ಬೀಜ ಓರೆಯಾಗಿ ಕೂತರೆ ಪಕ್ಕದ ಸಂದಿಯಲ್ಲಿ ಸೊಳ್ಳೆ ಇಳಿಯುತ್ತದೆ. ಡೆಂಗಿ ಸೊಳ್ಳೆಗೆ ಇಂಥ ತಿಳಿನೀರೇ ಇಷ್ಟ. ಹಾಗಾಗಿ ಎರಡು-ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ ಬದಲಾಯಿಸಲೇಬೇಕು. ಕಿಟಕಿಯ ಬೆಳಕಿಗಿಟ್ಟರೆ ಗಾಜಿಗೆ ಪಾಚಿ, ಒಳಗಿಟ್ಟರೆ ಮಳೆಗಾಲದ ಮಬ್ಬಿಗೆ ಕುಡಿ ಸಪೂರಾಗಿ ಉದ್ದಕ್ಕೆ ಹೋಗುತ್ತದೆ.

ನಮ್ಮತ್ತೆ ಇದನ್ನೆಲ್ಲ ನೋಡಿ, "ಮಣ್ಣಲ್ಲಿ ಹಾಕಿದ್ರೆ ತಾನೇ ಬತ್ತು, ಇದಕ್ಕೊಂದು ಗಾಜು ಎಂತಕ್ಕೆ?" ಅಂದವರೇ ಇನ್ನೊಂದು ಬೀಜವನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕೆಂಪುಮಣ್ಣು, ಮರಳು, ಹಳೇ ಗೊಬ್ಬರ ಹಾಕಿ ಅರ್ಧ ಮಾತ್ರ ಹೂತು ಜಗಲಿಯ ಸೂರಿನಡಿ ಇಟ್ಟರು. ಕಾಂಡ ದಪ್ಪ ಬಂದಿದ್ದು ಅವರದ್ದು. ಕುಪ್ಪಿಯ ಗಿಡವನ್ನು ಮಣ್ಣಿಗೆ ದಾಟಿಸಿದಾಗ ಎಲೆ ಜೋತುಬಿದ್ದು ಸುಧಾರಿಸಿಕೊಳ್ಳಲಿಕ್ಕೆ ಹೊತ್ತು ತಗೊಂಡಿತು. ನೀರಲ್ಲಿ ಬೆಳೆದ ಬೇರು ಬಲು ನಾಜೂಕು.

ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಡಬ್ಬಿಯ ಮೇಲಿನ ಚಿತ್ರಕ್ಕೆ. ಕುಂಡದಲ್ಲಿ ಮೊಣಕಾಲೆತ್ತರದ ಗಿಡ, ಅದರ ತುಂಬ ಕಾಯಿ! ಬೀಜದ ಗಿಡ ಕಾಯಿ ಬಿಡಲು ಐದು ವರ್ಷಕ್ಕೆ ಕಡಿಮೆ ಇಲ್ಲ, ಹತ್ತು ದಾಟಿದರೂ ದಾಟಿತು. ಬಿಟ್ಟರೂ ತಿಂದ ಹಣ್ಣಿನ ರುಚಿಯೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಉಪ್ಪಿನಕಾಯಿಯ ಅಪ್ಪೆಮಿಡಿ ಮಾವಿಗೆ ಕಸಿ ಕಟ್ಟುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸ್ ತಳಿಯೂ 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೀಜದಿಂದ ಅಕಸ್ಮಾತ್ ಎದ್ದ ಒಂದೇ ಮರ. ಈಗ ಜಗತ್ತಿನಲ್ಲಿರುವ ಹಾಸ್ ಗಿಡಗಳೆಲ್ಲ ಅದರದೇ ಕಸಿಯ ಸಂತಾನ. ಹಣ್ಣೇ ಬೇಕಾದರೆ ನರ್ಸರಿಯಿಂದ ಕಸಿ ಗಿಡ ತನ್ನಿ, ಮೂರು-ನಾಲ್ಕು ವರ್ಷಕ್ಕೆ ಕಾಯಿ ನಿರೀಕ್ಷಿಸಬಹುದು.

ಚೀಟಿಯಲ್ಲಿ ಇಲ್ಲದ, ನಮ್ಮ ಕಡೆಯವರಿಗೆ ಬೇಕೇಬೇಕಾದ ಎರಡು ಮಾತು. ಅಡಿಕೆಗೆ ಕೊಳೆ ತರುವ ಫೈಟಾಫ್ತೊರಾ ಅನ್ನುವ ಶಿಲೀಂಧ್ರದಂಥ ರೋಗಾಣುವಿನ ಕುಲದ್ದೇ ಇನ್ನೊಂದು ಬೆಣ್ಣೆಹಣ್ಣಿನ ಗಿಡದ ಬೇರನ್ನು ಕೊಳೆಸುತ್ತದೆ. ಆದ್ದರಿಂದ ನೀರು ನಿಲ್ಲುವ ತೋಟದ ತಗ್ಗಿಗೆ ಹಾಕಬೇಡಿ, ಏರು ಜಾಗ ನೋಡಿ. ಇನ್ನು, ಸವರಿದ ಸೊಪ್ಪನ್ನು ಕೊಟ್ಟಿಗೆಗೆ ಒಯ್ಯಬೇಡಿ. ಎಲೆಯಲ್ಲಿ ಪರ್ಸಿನ್ ಅನ್ನುವ ವಿಷ ಇದೆ. ಕರೆಯುವ ದನ, ಆಡು ತಿಂದರೆ ಕೆಚ್ಚಲು ಬಾತು ಹಾಲು ಕಡಿಮೆಯಾಗುತ್ತದೆ.

ಐದಕ್ಕೆ ಎರಡೂವರೆ ಕೊಡುತ್ತೇನೆ, ಅದೂ ಬೇರು ನೋಡುವ ಖುಷಿಗೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ತರಿಸಿ, ಆದರೆ ಮೊದಲು ಬಾಯಿಯ ಅಗಲ ಕೇಳಿ. ಒಂದೇ ಕುಪ್ಪಿ ಸಾಕು. ನಮ್ಮಲ್ಲಿ ಎರಡನೆಯದರಲ್ಲಿ ಈಗ ಒಗ್ಗರಣೆ ಸಾಸಿವೆ ಇದೆ.